ಡಿಐ ಬಾಕ್ಸಿಗೆ 133ಕೆ ಸಿಗ್ಲಿಲ್ಲ, ಬದಲಿಗೆ ಏನೇನು ಹಾಕಿ ನೋಡ್ದೆ

133ಕೆ ಅಂದ್ರೆ 133 ಕಿಲೋ ಓಮ್ ರೆಸಿಸ್ಟರ್. ಅದರ ಬದಲು ನನ್ನ ವೋಟು 100ಕೆ ಮತ್ತೆ 33ಕೆ ಎರಡು ಮೆಟಲ್ ಫಿಲ್ಮ್ ರೆಸಿಸ್ಟರ್ ಸೀರೀಸಲ್ಲಿ (ಒಂದರ ಹಿಂದೆ ಒಂದು) ಹಾಕೋದಕ್ಕೇ, ಅದೇ ನಂಗೆ ಎರಡು ರಾತ್ರಿ ನಿದ್ದೆ ಕೆಡಿಸಿದ್ರೂ ಸಹ.

ಗಣಪತಿ ಹಬ್ಬದ ಪ್ರೋಗ್ರಾಮಿಗೆ ನಮ್ಮ ಹುಡುಗನ ರಿದಂ ಪ್ಯಾಡ್ ಮಿಕ್ಸರಿಗೆ ಹಾಕಿದ್ರೆ ಹಮ್ ಬರ್ತಿತ್ತು ಅಂತ 12:1 ಟ್ರಾನ್ಸ್‌ಫಾರ್ಮರ್ ಇಟ್ಟು ಡಿಐ (ವಾದ್ಯದ ಸಿಗ್ನಲ್ಲನ್ನ ಮಿಕ್ಸರಿಗೆ ಹೊಂದೋ ಹಾಗೆ ಮಾಡೋ ಬಾಕ್ಸು) ಕಟ್ಟೋಕೆ ಕೂತೆ. ಅವ್ನು ವಾಲ್ಯೂಮ್ ಫುಲ್ ಇಡ್ತಾನೆ, ಜೋರು ಬೇಸ್ ನೇರ ಹೋದ್ರೆ ಅದರ ಕೋರ್ ತಾಳೋ ಮಿತಿ ದಾಟಿ (ಸ್ಯಾಚುರೇಟ್ ಆಗಿ) ಸೌಂಡ್ ಒಡೆಯುತ್ತೆ, ಅದಕ್ಕೆ ಟ್ರಾನ್ಸ್‌ಫಾರ್ಮರಿಗಿಂತ ಮುಂಚೆ 20 ಡಿಬಿ ಇಳಿಸೋ ಸ್ವಿಚ್ ಬೇಕು. ಡ್ರಾಯಿಂಗಲ್ಲಿ 133ಕೆ ಸೀರೀಸು, 15ಕೆ ಗ್ರೌಂಡಿಗೆ. ಶಿವಮೊಗ್ಗದಲ್ಲಿ ನಾನು ಕೇಳಿದ ಅಂಗಡೀಲಿ ಎಲ್ಲೂ 133ಕೆ ಇಲ್ಲ, ಅದು ಇ96 ಅನ್ನೋ, ಹತ್ತಿರ ಹತ್ತಿರದ ವ್ಯಾಲ್ಯೂಗಳಿರೋ ಸಾಲಿನ ವ್ಯಾಲ್ಯೂ.

ಮೊದಲು ಡಬ್ಬೀಲಿದ್ದ 130ಕೆ ಕಾರ್ಬನ್ ಫಿಲ್ಮ್, 5% ಟಾಲರೆನ್ಸಿಂದು (ವ್ಯಾಲ್ಯೂ ಅಷ್ಟು ಆಚೀಚೆ ಇರ್ಬಹುದು). ಲೆವೆಲ್ ಅರ್ಧ ಡಿಬಿ ಆಚೀಚೆ, ಕಿವಿಗೆ ಗೊತ್ತಾಗಲ್ಲ. ಆದ್ರೆ ನಮ್ಮ ಮಲೆನಾಡಿನ ಮಳೆಗಾಲ ನಾಕೈದು ಕಂಡಿರೋ ರೆಸಿಸ್ಟರ್ ಅದು, ತಂತಿ ಕಾಲು ಕಪ್ಪಾಗಿ ಸೋಲ್ಡರ್ ಹಿಡೀತಾನೇ ಇಲ್ಲ, ಬ್ಲೇಡಲ್ಲಿ ಕೆರೆದು ಹಾಕಿದ್ರೂ ನಂಬಿಕೆ ಬರ್ಲಿಲ್ಲ, ತೆಗೆದೆ.

ಪ್ರೀಸೆಟ್ (ತಿರುಗಿಸಿ ಹೊಂದಿಸೋ ರೆಸಿಸ್ಟರ್): ಸ್ಟೇಜಲ್ಲಿ ಒದೆ ತಿನ್ನೋ ಬಾಕ್ಸಿಗೆ ಬೇಡ.

ಆಮೇಲೆ 1% ಮೆಟಲ್ ಫಿಲ್ಮ್, 100ಕೆ ಜೊತೆ 33ಕೆ, ಕೂಡಿದ್ರೆ ಸರಿಯಾಗಿ 133. ಕಾಲು ವ್ಯಾಟ್ ಸಾಕು. ಹಾಕಿ ಸ್ವಿಚ್ ಒತ್ತಿದ್ರೆ ಸೌಂಡ್ ಇಳಿಯುತ್ತೆ, ಆದ್ರೆ ಇಳೀಬೇಕಾದಷ್ಟು ಇಳಿಯಲ್ಲ, ಬೇಸ್ ಇನ್ನೂ ಒಡೀತಿದೆ. ಟ್ರಾನ್ಸ್‌ಫಾರ್ಮರೇ ಹೋಗಿದೆ ಅಂದ್ಕೊಂಡೆ, ಕೇಬಲ್ ಬದಲಾಯಿಸ್ದೆ, ಜಾಯಿಂಟ್ ಎಲ್ಲ ಮತ್ತೆ ಸೋಲ್ಡರ್ ಮಾಡ್ದೆ, ಎರಡನೇ ದಿನ ರಾತ್ರಿ ಒಂದು ಕಾಲು ಬಿಚ್ಚಿ ಮೀಟರ್ ಹಿಡಿದ್ರೆ ಎರಡೂ ಸೇರಿ 33.1ಕೆ! 100ಕೆ ಅಂತ ಹಾಕಿದ್ದು 130 ಓಮ್ ಆಗಿತ್ತು.

ರೆಸಿಸ್ಟರ್ ವ್ಯಾಲ್ಯೂನ ಮೈಮೇಲಿನ ಬಣ್ಣದ ಗೆರೆಯಿಂದ ಓದ್ಬೇಕು. 100ಕೆ ಬಣ್ಣ ಬ್ರೌನ್, ಬ್ಲ್ಯಾಕ್, ಬ್ಲ್ಯಾಕ್, ಆರೆಂಜ್, ಬ್ರೌನ್. 130 ಓಮ್ ಬ್ರೌನ್, ಆರೆಂಜ್, ಬ್ಲ್ಯಾಕ್, ಬ್ಲ್ಯಾಕ್, ಬ್ರೌನ್. ತಿರುಗಿಸಿ ಹಿಡಿದ್ರೆ ಒಂದೇ! 1% ಟಾಲರೆನ್ಸ್ ಗೆರೆನೂ ಬ್ರೌನೇ ಆಗಿರೋದ್ರಿಂದ ಯಾವ ಕಡೆಯಿಂದ ಓದ್ಬೇಕು ಅಂತಾನೇ ತಿಳಿಯಲ್ಲ, ಕೊನೆ ಗೆರೆ ಸ್ವಲ್ಪ ದೂರ ಇರುತ್ತೆ ಅಂತಾರೆ, ಆ ಸಣ್ಣ ನೀಲಿ ಮೈಮೇಲೆ ಟ್ಯೂಬ್‌ಲೈಟ್ ಬೆಳಕಲ್ಲಿ ಅದು ಕಾಣೋದೇ ಇಲ್ಲ. ಅಂಗಡಿ ಡಬ್ಬೀಲಿ ಎರಡೂ ಬೆರೆತಿತ್ತು. ನಿಜವಾದ 100ಕೆ ಹಾಕಿದ ಕೂಡ್ಲೆ ಬೇಸ್ ಕ್ಲೀನ್ ಆಯ್ತು, ಎಷ್ಟು ಖುಷಿ ಆಯ್ತು ಅಂದ್ರೆ ಅಷ್ಟು ಹೊತ್ತಲ್ಲೇ ಹುಡುಗನಿಗೆ ಫೋನ್ ಮಾಡ್ದೆ.

ಬೆಂಗಳೂರಿನ ಎಸ್‌ಪಿ ರೋಡಿಂದ ಒಂದೇ 133ಕೆ ತರಿಸ್ಬಹುದು. ಬ್ರೌನ್, ಮೂರು ಆರೆಂಜ್, ಬ್ರೌನ್, ಯಾವ ಕಡೆಯಿಂದ ಓದಿದ್ರೂ 133ಕೆನೇ, ಆ ವಿಷಯದಲ್ಲಿ ಅದು ಚೆನ್ನ. ಹತ್ತು ಬಾಕ್ಸ್ ಕಟ್ಟೋರಾದ್ರೆ ತರಿಸಿ. ನಾನು ವರ್ಷಕ್ಕೆ ಒಂದೋ ಎರಡೋ ಕಟ್ಟೋನು, ಕೊರಿಯರ್ ದುಡ್ಡಲ್ಲಿ ಇಲ್ಲೇ ಕೈತುಂಬ ರೆಸಿಸ್ಟರ್ ಬರುತ್ತೆ. ಬೋರ್ಡಲ್ಲಿ ಒಂದಕ್ಕೇ ಜಾಗ ಇದ್ರೆ ಎರಡನ್ನೂ ನೆಟ್ಟಗೆ ನಿಲ್ಸಿ ಮೇಲಿನ ಕಾಲು ಒಟ್ಟಿಗೆ ಹೊಸೆದು ಸೋಲ್ಡರ್ ಮಾಡಿ, ಸ್ಲೀವ್ ಹಾಕಿ. ಹಾಕೋ ಮುಂಚೆ ಒಂದೊಂದನ್ನೂ ಮೀಟರಲ್ಲಿ ನೋಡಿ.