ಲೈಫ್‌ಟೈಮ್ ವಾರಂಟಿ ನಂಬಿ ಬೈನಾಕ್ಯುಲರ್ ಕೊಳ್ಳುವ ಮುಂಚೆ ಇದನ್ನು ಓದಿ

ಬೈನಾಕ್ಯುಲರ್, ಸ್ಪಾಟಿಂಗ್ ಸ್ಕೋಪ್ (ಒಂದೇ ಕಣ್ಣಿನಲ್ಲಿ ನೋಡುವ ಚಿಕ್ಕ ದೂರದರ್ಶಕ), ರೈಫಲ್ ಸ್ಕೋಪ್ (ಬಂದೂಕಿನ ಮೇಲೆ ಕೂರಿಸುವ ಗುರಿ ದೂರದರ್ಶಕ), ಯಾವುದನ್ನೇ ಕೊಳ್ಳಲು ಹೊರಟಿದ್ದರೂ ಒಂದು ಮಾತು. ವಾರಂಟಿ ಎಷ್ಟು ವರ್ಷ ಅಂತ ಮಾತ್ರ ನೋಡಿ ತೀರ್ಮಾನ ಮಾಡಬೇಡಿ. ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ, ಯಾವ ನೆಪ ಹೇಳಿ ವಾಪಸ್ ಕಳಿಸಬಹುದು, ಇದನ್ನೆಲ್ಲ ಮೊದಲು ತಿಳಿದುಕೊಳ್ಳಿ. ನನ್ನ ಬಳಿ ಬಿಲ್ ಇತ್ತು, ವಾರಂಟಿ ಕಾರ್ಡ್ ಇತ್ತು, ಕಂಪನಿಯಲ್ಲಿ ನೋಂದಣಿಯೂ ಆಗಿತ್ತು. ಆದರೂ ರಿಪೇರಿಗೆ ಹೋದ ಬೈನಾಕ್ಯುಲರ್ ಮೊದಲಿಗಿಂತ ಜಾಸ್ತಿ ಕೆಟ್ಟು ಮನೆಗೆ ಬಂತು.

ಅದು 8×42 ಬೈನಾಕ್ಯುಲರ್, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 42 ಮಿ.ಮೀ. ಅಗಲ ಇರುವಂಥದ್ದು. ಬೇಟೆಗಾರರನ್ನು ಮನಸ್ಸಿನಲ್ಲಿಟ್ಟು ಮಾಡಿದ ಮಾದರಿ. ನಾನು ಬೇಟೆಯವನಲ್ಲ, ಹಕ್ಕಿ ಮತ್ತು ಪ್ರಾಣಿಗಳನ್ನು ನೋಡುವವನು. ಆದರೆ ಇಬ್ಬರಿಗೂ ಬೇಕಾದದ್ದು ಒಂದೇ ಅಲ್ವಾ? ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಚೆನ್ನಾಗಿ ಕಾಣಬೇಕು. ಮಳೆಯಲ್ಲಿ ನೆನೆದರೂ ಏನೂ ಆಗಬಾರದು. ಡಬ್ಬದ ಮೇಲೆ ವಾಟರ್‌ಪ್ರೂಫ್ ಅಂತಲೂ ಇತ್ತು, ಒಳಗೆ ನೈಟ್ರೋಜನ್ ತುಂಬಿದೆ ಅಂತಲೂ ಇತ್ತು. ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಲೈಫ್‌ಟೈಮ್ ವಾರಂಟಿ ಅಂತ ಇತ್ತು.

ನೈಟ್ರೋಜನ್ ಯಾಕೆ ತುಂಬುತ್ತಾರೆ ಅಂತ ಗೊತ್ತಿದ್ದರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ. ಮಾಮೂಲಿ ಗಾಳಿಯಲ್ಲಿ ತೇವ ಇರುತ್ತದೆ. ಬೈನಾಕ್ಯುಲರ್ ಥಟ್ಟನೆ ತಣ್ಣಗಾದರೆ ಆ ತೇವ ಒಳಗಿನ ಗಾಜಿನ ಮೇಲೆ ಹಬೆಯಾಗಿ ಕೂರುತ್ತದೆ. ಹಾಗಾಗದಿರಲಿ ಅಂತ ಗಾಳಿ ತೆಗೆದು ಒಣ ನೈಟ್ರೋಜನ್ ತುಂಬುತ್ತಾರೆ, ಕೆಲವರು ಆರ್ಗಾನ್ ತುಂಬುತ್ತಾರೆ. ಅದು ಹೊರಗೆ ಹೋಗದಂತೆ ತಡೆಯುವುದು ರಬ್ಬರಿನ ಸಣ್ಣ ಉಂಗುರಗಳು, ಅಂದರೆ ಸೀಲ್‌ಗಳು. ಒಂದು ಉಂಗುರ ಸರಿಯಾಗಿ ಕೂರದಿದ್ದರೂ ಸಾಕು, ಗ್ಯಾಸ್ ನಿಧಾನವಾಗಿ ಹೋಗಿ ಆ ಜಾಗಕ್ಕೆ ತೇವದ ಗಾಳಿ ಬರುತ್ತದೆ.

ನನ್ನದರಲ್ಲಿ ಆದದ್ದು ಇದೇ. ಒಂದು ಚಳಿಯ ಬೆಳಗ್ಗೆ ಬಲಗಡೆಯ ಕೊಳವೆಯಲ್ಲಿ ಮಾತ್ರ ಎಲ್ಲ ಮಸುಕಾಗಿ ಕಂಡಿತು. ಬಟ್ಟೆಯಲ್ಲಿ ಒರೆಸಿದೆ, ಹೋಗಲಿಲ್ಲ. ಮುಂದಿನ ಲೆನ್ಸ್ ಒರೆಸಿದೆ, ಆಗಲೂ ಹೋಗಲಿಲ್ಲ. ಹಬೆ ಇದ್ದದ್ದು ಒಳಗೆ. ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ: ಎ.ಸಿ. ಇರುವ ಕೋಣೆಯಿಂದ ಬಿಸಿ ಹವೆಗೆ ತಂದಾಗ ಹೊರಗಿನ ಗಾಜು ಮಂಜಾಗುವುದು ಸಹಜ, ಒರೆಸಿದರೆ ಹೋಗುತ್ತದೆ. ಒರೆಸಿದರೂ ಹೋಗದೆ ಒಳಗಿನಿಂದ ಮಂಜಾದರೆ, ಅದರಲ್ಲೂ ಒಂದೇ ಕಡೆ ಆದರೆ, ಸೀಲ್ ಕೆಟ್ಟಿದೆ ಅಂತಲೇ ಲೆಕ್ಕ.

ಕಂಪನಿಗೆ ಬರೆದೆ. ಫೋಟೋ ಕೇಳಿದರು. ಈ ತೊಂದರೆಯ ಫೋಟೋ ತೆಗೆಯುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಬಿಸಿಲು ಏರಿದ ಹಾಗೆ ಹಬೆ ಆರಿಹೋಗುತ್ತದೆ. ಮಧ್ಯಾಹ್ನ ನೋಡಿದರೆ ಗಾಜು ಸ್ವಚ್ಛ. ಕೊನೆಗೆ ಬೆಳಕು ಹರಿಯುವ ಹೊತ್ತಿಗೆ ಬೈನಾಕ್ಯುಲರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಫೋನಿನ ಕ್ಯಾಮೆರಾವನ್ನು ಕಣ್ಣಿಡುವ ಕಡೆ ಒತ್ತಿ ಹಿಡಿದು ಮೊದಲು ಎಡಗಡೆ, ಆಮೇಲೆ ಬಲಗಡೆ ಫೋಟೋ ತೆಗೆದೆ. ಎಡಗಡೆಯ ಫೋಟೋದಲ್ಲಿ ಎದುರಿನ ಮರದ ಎಲೆ ಎಲೆಯೂ ಬೇರೆಯಾಗಿ ಕಾಣುತ್ತಿತ್ತು. ಬಲಗಡೆಯದರಲ್ಲಿ ಅದೇ ಮರ ಬರೀ ಹಸಿರು ಮುದ್ದೆ. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಾ ಅಂದುಕೊಂಡೆ.

ಆಮೇಲೆ ಶುರುವಾಯಿತು ಓಡಾಟ. ಬಿಲ್ ಕಳಿಸಿ ಅಂದರು, ಕಳಿಸಿದೆ. ಅಧಿಕೃತ ಮಾರಾಟಗಾರರಿಂದಲೇ ಕೊಂಡಿದ್ದೀರಾ ಅಂದರು. ಹೌದು, ಅವರದೇ ಪಟ್ಟಿಯಲ್ಲಿದ್ದವರು. ಸೀರಿಯಲ್ ನಂಬರಿನ ಫೋಟೋ ಕೇಳಿದರು, ಅದನ್ನೂ ಕಳಿಸಿದೆ. ಪ್ರತಿ ಸಲವೂ ಉತ್ತರ ಬರೆಯುವವರು ಬೇರೆ, ಪ್ರತಿ ಸಲವೂ ಕಥೆ ಮೊದಲಿನಿಂದ. ಕೊರಿಯರ್ ಖರ್ಚು ನನ್ನದು. ದಾರಿಯಲ್ಲಿ ಏನಾದರೂ ಆದರೆ ಅದೂ ನನ್ನದೇ ಹೊಣೆ. ಇದು ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇದೆ ಎಂದು ಅವರೇ ತೋರಿಸಿಕೊಟ್ಟರು.

ವಾರಗಟ್ಟಲೆ ಸುಮ್ಮನಿದ್ದು ಆಮೇಲೆ ಕ್ಲೇಮ್ ತಿರಸ್ಕರಿಸಿದ್ದೇವೆ ಅಂತ ಬರೆದರು. ಮುಂದಿನ ಲೆನ್ಸಿನ ಅಂಚಿನಲ್ಲಿ ಒಂದು ಗೀರು ಇದೆ, ಅಂದರೆ ಹೊರಗಿನಿಂದ ಪೆಟ್ಟು ಬಿದ್ದಿದೆ, ಆ ಪೆಟ್ಟಿನಿಂದಲೇ ಸೀಲ್ ಹೋಗಿದೆ, ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ ಮಾತ್ರ, ಬಳಕೆಯ ಹಾನಿಗೆ ಇಲ್ಲ ಅಂತ ಅವರ ವಾದ. ಆ ಗೀರು ರಬ್ಬರ್ ಕವಚದ ಮೇಲೆ, ಉಗುರಿನ ಅಂಚಿನಷ್ಟು. ಕಾಡುಮೇಡಿನಲ್ಲಿ ಕೊರಳಿಗೆ ಹಾಕಿಕೊಂಡು ಓಡಾಡುವ ವಸ್ತುವಿನ ಮೇಲೆ ಗೀರು ಬೀಳದೆ ಇರುತ್ತದೆಯೇ? ಹೊರಗೆ ಬಳಸಿ ಅಂತ ಮಾರಿ, ಹೊರಗೆ ಬಳಸಿದ ಗುರುತನ್ನೇ ಹಿಡಿದು ಕೈ ತೊಳೆದುಕೊಳ್ಳುವುದು ಅನ್ಯಾಯ. ಇದನ್ನು ನಾನು ಅವರಿಗೂ ಬರೆದೆ. ಆ ಮಾದರಿಯ ತಯಾರಿಕೆ ಈಗ ನಿಂತಿದೆ, ಬಿಡಿಭಾಗ ಸಿಗುವುದಿಲ್ಲ, ಬೇಕಿದ್ದರೆ ಹೊಸ ಮಾದರಿಯ ಮೇಲೆ ಸ್ವಲ್ಪ ರಿಯಾಯಿತಿ ಕೊಡುತ್ತೇವೆ ಅಂತ ಉತ್ತರ ಬಂತು.

ಬೈನಾಕ್ಯುಲರ್ ವಾಪಸ್ ಬಂತು. ಹಬೆ ಹಾಗೇ ಇತ್ತು. ಅದರ ಜೊತೆಗೆ ಈಗ ದೂರದ ಕಂಬ ಎರಡೆರಡಾಗಿ ಕಾಣತೊಡಗಿತು. ಪರೀಕ್ಷೆಗೆ ಅಂತ ತೆರೆದು ಮತ್ತೆ ಮುಚ್ಚುವಾಗ ಪ್ರಿಸಂ (ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು) ಅಲುಗಿರಬೇಕು ಅಂತ ನನ್ನ ಅನುಮಾನ. ಎರಡು ಕೊಳವೆಗಳೂ ಒಂದೇ ದಿಕ್ಕಿಗೆ ನೇರವಾಗಿ ನೋಡುತ್ತಿರಬೇಕು. ಅದಕ್ಕೆ ಕಾಲಿಮೇಶನ್ ಅನ್ನುತ್ತಾರೆ. ಅದು ಸ್ವಲ್ಪ ತಪ್ಪಿದರೆ ಮೆದುಳು ಹೇಗೋ ಎರಡು ಚಿತ್ರವನ್ನೂ ಸೇರಿಸಿಕೊಳ್ಳುತ್ತದೆ, ಆದರೆ ಅರ್ಧ ಗಂಟೆ ನೋಡಿದರೆ ಕಣ್ಣು ಎಳೆಯುತ್ತದೆ, ತಲೆ ನೋಯುತ್ತದೆ. ಜಾಸ್ತಿ ತಪ್ಪಿದರೆ ಕಾಣುವುದೇ ಎರಡು. ಇದನ್ನು ಕೇಳಿದ್ದಕ್ಕೆ, ನಾವು ರಿಪೇರಿ ಮಾಡಿಲ್ಲ, ಹಾಗಾಗಿ ನಮ್ಮ ಹೊಣೆ ಇಲ್ಲ ಅಂದರು.

ಹಾಗಾದರೆ ವಾರಂಟಿಗೆ ಬೆಲೆಯೇ ಇಲ್ಲವಾ? ಇದೆ. ಆದರೆ ವಾರಂಟಿ ಅಂತ ಕರೆಯುವುದೆಲ್ಲ ಒಂದೇ ಅಲ್ಲ. ಅಮೆರಿಕದ ವೋರ್ಟೆಕ್ಸ್ ಕಂಪನಿಯ ಷರತ್ತು ಓದಿ ನೋಡಿ. ಬಿಲ್ ಬೇಡ, ಮೊದಲು ಕೊಂಡವರೇ ಆಗಿರಬೇಕಿಲ್ಲ, ಕೈಜಾರಿ ಬಿದ್ದು ಒಡೆದರೂ ಸರಿಮಾಡಿ ಕೊಡುತ್ತೇವೆ ಅಂತ ನೇರವಾಗಿ ಬರೆದಿದ್ದಾರೆ. ಕಳೆದುಹೋದರೆ, ಕಳವಾದರೆ, ಬೇಕಂತಲೇ ಹಾಳುಮಾಡಿದರೆ ಇಲ್ಲ, ಕೆಲಸಕ್ಕೆ ಅಡ್ಡಿಯಾಗದ ಗೀರಿಗೂ ಇಲ್ಲ. ಲ್ಯೂಪೋಲ್ಡ್ ಕೂಡ ತನ್ನ ಸ್ಕೋಪ್‌ಗಳಿಗೆ ಬಿಲ್ ಕೇಳುವುದಿಲ್ಲ, ಮಾಲೀಕ ಎಷ್ಟನೆಯವನು ಅಂತಲೂ ಕೇಳುವುದಿಲ್ಲ. ಆದರೆ ಎಲೆಕ್ಟ್ರಾನಿಕ್ ಭಾಗಗಳಿಗೆ ಅವಧಿ ಬೇರೆ. ದೂರ ಅಳೆಯುವ ರೇಂಜ್‌ಫೈಂಡರ್, ಬೆಳಕು ಹತ್ತುವ ರೆಟಿಕಲ್ (ಗುರಿ ಹಿಡಿಯುವ ಗೆರೆಗಳು) ಇರುವ ಸ್ಕೋಪ್ ಕೊಳ್ಳುವವರು ಯಾವ ಕಂಪನಿಯದಾದರೂ ಈ ಸಾಲನ್ನು ಹುಡುಕಿ ಓದಿ. ಜೈಸ್, ಸ್ವರೋವ್ಸ್ಕಿಯಂಥ ದುಬಾರಿ ಕಂಪನಿಗಳು ಹಲವು ದೇಶಗಳಲ್ಲಿ ಕೊಡುವುದು 10 ವರ್ಷ. ಕಾಗದದ ಮೇಲೆ ನನ್ನ ಬೈನಾಕ್ಯುಲರಿನ ವಾರಂಟಿ ಇವರದಕ್ಕಿಂತ ಉದ್ದ!

ಒಳ್ಳೆಯ ವಾರಂಟಿಗೂ ಒಂದು ಮಿತಿ ಇದೆ. ಅದು ತಯಾರಕರ ದೇಶದಲ್ಲಿ ನಡೆದಷ್ಟು ಸಲೀಸಾಗಿ ಬೇರೆ ಕಡೆ ನಡೆಯಬೇಕೆಂದಿಲ್ಲ. ಹೊರದೇಶಗಳಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಆಯಾ ದೇಶದ ವಿತರಕರು ನೋಡಿಕೊಳ್ಳುತ್ತಾರೆ. ವಿತರಕರೇ ಇಲ್ಲದ ಕಡೆ ಗಡಿ ದಾಟಿಸಿ ಕಳಿಸಬೇಕು, ಸುಂಕದ ಕಾಗದ ಮಾಡಿಸಬೇಕು. ಬೇರೆ ದೇಶದಿಂದ ಯಾರೋ ತಂದು ಅಗ್ಗವಾಗಿ ಮಾರುವ ಮಾಲಿಗೆ ಹಲವು ಕಂಪನಿಗಳು ವಾರಂಟಿ ಕೊಡುವುದೇ ಇಲ್ಲ. ಇನ್ನೊಂದು, ಬೂಷ್ಟು. ತೇವದ ಜಾಗದಲ್ಲಿ ಮುಚ್ಚಿಟ್ಟರೆ ಲೆನ್ಸಿನ ಮೇಲೆ ಜೇಡನ ಬಲೆಯ ಹಾಗೆ ಎಳೆ ಎಳೆಯಾಗಿ ಫಂಗಸ್ ಬೆಳೆಯುತ್ತದೆ, ಅದು ಬಿಡುವ ಆಮ್ಲ ಲೆನ್ಸಿನ ಕೋಟಿಂಗನ್ನೇ ತಿನ್ನುತ್ತದೆ. ಎಷ್ಟೋ ಕಾರ್ಡುಗಳಲ್ಲಿ ಇದನ್ನು ಹೆಸರು ಹಿಡಿದೇ ಹೊರಗಿಟ್ಟಿರುತ್ತಾರೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡಿ, ಚರ್ಮದ ಚೀಲದಲ್ಲಿ ಬೇಡ.

ರೈಫಲ್ ಸ್ಕೋಪಿನವರಿಗೂ ಒಂದು ಎಚ್ಚರಿಕೆ ಇದೆ. ಸ್ಪ್ರಿಂಗ್ ಏರ್‌ಗನ್ (ಸ್ಪ್ರಿಂಗ್ ಗಾಳಿಯನ್ನು ಒತ್ತಿ ಗುಂಡು ಹಾರಿಸುವ ಬಂದೂಕು) ಹಿಂದಕ್ಕೂ ಒದೆಯುತ್ತದೆ, ಮರುಕ್ಷಣ ಮುಂದಕ್ಕೂ ಎಳೆಯುತ್ತದೆ. ಹಿಂದಕ್ಕೆ ಮಾತ್ರ ಒದೆಯುವ ದೊಡ್ಡ ರೈಫಲ್‌ನಲ್ಲಿ ಬಾಳಿದ ಸ್ಕೋಪ್ ಕೂಡ ಇದರ ಮೇಲೆ ಸಡಿಲವಾಗಬಹುದು. ಏರ್‌ಗನ್‌ಗೆ ಆಗುತ್ತದೆ ಅಂತ ತಯಾರಕರು ಬರೆದಿರದಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅಷ್ಟೇ ಸಾಕು.

ನನ್ನ ಪ್ರಕಾರ ನಿಜವಾಗಿ ಕೈಗೆ ಸಿಗುವ ವಾರಂಟಿ ಅಂದರೆ ಅಂಗಡಿಯವರು ಕೊಡುವ ವಾಪಸಾತಿಯ ದಿನಗಳು. ಆ ದಿನಗಳಲ್ಲಿ ಬೈನಾಕ್ಯುಲರನ್ನು ಶೋಕೇಸಿನಲ್ಲಿ ಇಡಬೇಡಿ. ದೂರದ ಮನೆಯ ಛಾವಣಿಯ ಅಂಚನ್ನೋ ವಿದ್ಯುತ್ ತಂತಿಯನ್ನೋ ನೋಡಿ. ನೋಡುತ್ತಲೇ ಬೈನಾಕ್ಯುಲರನ್ನು ಕಣ್ಣಿನಿಂದ ನಿಧಾನವಾಗಿ ಒಂದು ಗೇಣು ದೂರ ತನ್ನಿ. ಎರಡೂ ವೃತ್ತಗಳಲ್ಲಿ ಗೆರೆ ಒಂದೇ ಮಟ್ಟದಲ್ಲಿರಬೇಕು. ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ಕಂಡರೆ ಕಾಲಿಮೇಶನ್ ಸರಿಯಿಲ್ಲ. ಆಮೇಲೆ ಮುಂದಿನ ಲೆನ್ಸಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಪರವಾಗಿಲ್ಲ. ಎಳೆ, ಮಬ್ಬು, ಎಣ್ಣೆಯಂಥ ಕಲೆ ಕಂಡರೆ ಅವತ್ತೇ ವಾಪಸ್ ಕೊಡಿ. ಹಳೆಯದನ್ನು ಕೊಳ್ಳುವವರಿಗಂತೂ ಈ ಟಾರ್ಚ್ ಪರೀಕ್ಷೆ ಬೇಕೇ ಬೇಕು. ವಾಟರ್‌ಪ್ರೂಫ್ ಅಂತ ಬರೆದಿದ್ದರೆ ಯಾವ ಮಟ್ಟದ್ದು ಅಂತ ಕೇಳಿ. ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು. ಅಂಥ ಗುರುತೇ ಇಲ್ಲದಿದ್ದರೆ ಆ ಮಾತಿಗೆ ಅಳತೆಯೇ ಇಲ್ಲ.

ದುಡ್ಡು ಕೊಡುವ ಮುಂಚೆಯೇ ಕಂಪನಿಗೆ ಒಂದು ಮೇಲ್ ಬರೆಯಿರಿ. ಒಳಗೆ ಹಬೆ ಕಟ್ಟಿದರೆ, ಹೊರಗೆ ಗೀರು ಇದ್ದರೂ ವಾರಂಟಿಯಲ್ಲಿ ಸರಿಮಾಡುತ್ತೀರಾ? ಮಾದರಿ ನಿಂತುಹೋದರೆ ಏನು ಕೊಡುತ್ತೀರಿ? ಕೊರಿಯರ್ ಯಾರ ಖರ್ಚು? ಉತ್ತರ ಬರಹದಲ್ಲೇ ಬರಲಿ. ಅಂಗಡಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಮುಂದೆ ಯಾರೂ ಜವಾಬ್ದಾರರಲ್ಲ.

ನನ್ನದನ್ನು ಕೊನೆಗೆ ಹೊರಗಿನ ರಿಪೇರಿಯವರೊಬ್ಬರಿಗೆ ಕೊಟ್ಟೆ. ತುಂಬ ಶ್ರದ್ಧೆಯಿಂದ ಪ್ರಿಸಂ ಹೊಂದಿಸಿಕೊಟ್ಟರು, ಎರಡೆರಡು ಕಾಣುವುದು ಹೋಯಿತು. ಆದರೆ ನೈಟ್ರೋಜನ್ ತುಂಬುವ ವ್ಯವಸ್ಥೆ ಅವರ ಬಳಿ ಇಲ್ಲ. ಹಾಗಾಗಿ ಚಳಿಯ ಬೆಳಗ್ಗೆ ಅದನ್ನು ನಂಬುವ ಹಾಗಿಲ್ಲ, ಬಿಸಿಲಿನ ಹೊತ್ತಿಗೆ ಮಾತ್ರ ಕೊಂಡೊಯ್ಯುತ್ತೇನೆ.

ನಿಮ್ಮದು ಈಗಾಗಲೇ ಕೆಟ್ಟಿದ್ದು ಸರ್ವಿಸ್‌ಗೆ ಕಳಿಸುವವರಿದ್ದರೆ, ಸ್ಕ್ರೂ ಮುಟ್ಟಬೇಡಿ, ತೆರೆದ ಗುರುತು ಕಂಡರೆ ಕ್ಲೇಮ್ ಅಲ್ಲಿಗೇ ಮುಗಿಯುತ್ತದೆ. ಪ್ಯಾಕ್ ಮಾಡುವ ಮುಂಚೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ, ಲೆನ್ಸಿನ ಅಂಚುಗಳನ್ನು ಹತ್ತಿರದಿಂದ ತೆಗೆಯಿರಿ, ಕಾಲಿಮೇಶನ್ ಸರಿಯಿದೆಯಾ ಅಂತ ನೋಡಿ ಅದನ್ನೂ ಬರೆದಿಡಿ. ಬೈನಾಕ್ಯುಲರ್ ಬಿಚ್ಚುವ ಮುಂಚೆ ನನಗೆ ತಿಳಿಸಿ ಅಂತ ಒಂದು ಚೀಟಿ ಬರೆದು ಡಬ್ಬದೊಳಗೆ ಇಡಿ, ಅದೇ ಮಾತನ್ನು ಮೇಲ್‌ನಲ್ಲೂ ಕಳಿಸಿ.