ಜೋಲ್ಪಿಡೆಮ್ ನಿದ್ದೆ ಮಾತ್ರೆ: ನಿದ್ದೆ ಬರುತ್ತದೆ, ಆದರೆ...

ಒಂದು ವರ್ಷಕ್ಕೂ ಜಾಸ್ತಿ ಕಾಲ, ಡಾಕ್ಟರ್ ಚೀಟಿಯ ಮೇಲೆ, ಈ ಮಾತ್ರೆ ತೆಗೆದುಕೊಂಡಿದ್ದೇನೆ. ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ನಿದ್ದೆ ಬರುತ್ತದೆ. ನಡುರಾತ್ರಿ ಫ್ಯಾನ್ ನೋಡುತ್ತಾ ಮಲಗಿದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಿರುತ್ತದೆ.

ಹಾಲಿಗೆ ಹೆಪ್ಪು ಹಾಕುವುದು, ಬೆಳಗಿನ ತಿಂಡಿಗೆ ಕಾಳು ನೆನೆಸುವುದು, ಗ್ಯಾಸ್ ಆಫ್ ಆಗಿದೆಯಾ, ಚಿಲಕ ಬಿದ್ದಿದೆಯಾ ನೋಡುವುದು. ಎಲ್ಲ ಮುಗಿದ ಮೇಲೆ ಹಾಸಿಗೆಯ ಅಂಚಿನಲ್ಲಿ ಕೂತು ಮಾತ್ರೆ, ಅರ್ಧ ಲೋಟ ನೀರು. ಸ್ವಲ್ಪ ಹೊತ್ತಿಗೆ ತಲೆಯೊಳಗಿನ ಗದ್ದಲ ನಿಲ್ಲುತ್ತಿತ್ತು. ಆ ಹೊತ್ತಿಗಾಗಿಯೇ ದಿನವಿಡೀ ಕಾಯುತ್ತಿದ್ದೆ.

ಆಮೇಲೆ ಒಂದು ಬೆಳಗ್ಗೆ ಅಕ್ಕ ಫೋನ್ ಮಾಡಿ, "ಹಾಗಾದ್ರೆ ಭಾನುವಾರ ಬರ್ತೀಯಲ್ಲ?" ಎಂದಳು. ಎಲ್ಲಿಗೆ? ಹಿಂದಿನ ರಾತ್ರಿ ಮಾತ್ರೆ ನುಂಗಿದ ಮೇಲೆ ಅವಳ ಜೊತೆ ತುಂಬ ಹೊತ್ತು ಮಾತಾಡಿದ್ದೆನಂತೆ. ಅಮ್ಮನ ಕಣ್ಣಿನ ಆಪರೇಷನ್‌ಗೆ ಬರುತ್ತೇನೆ ಎಂದು ಒಪ್ಪಿಕೊಂಡಿದ್ದೆನಂತೆ. ಒಂದು ಮಾತೂ ನೆನಪಿಲ್ಲ. ಮೊಬೈಲ್‌ನಲ್ಲಿ ಕರೆಯ ಗುರುತು ಇತ್ತು, ನನ್ನೊಳಗೆ ಇರಲಿಲ್ಲ. ಕೈಕಾಲು ತಣ್ಣಗಾದವು.

ಡಾಕ್ಟರ್ ವಿವರಿಸಿದರು. ನರಕೋಶಗಳನ್ನು ಶಾಂತ ಮಾಡುವ ಗಾಬಾ ಎಂಬ ರಾಸಾಯನಿಕ ಮಿದುಳಿನಲ್ಲಿದೆ. ಈ ಮಾತ್ರೆ ಅದರ ಕೆಲಸಕ್ಕೆ ಬಲ ಕೊಡುತ್ತದೆ. ಆದರೆ ಗಾಬಾ ನಿದ್ದೆಗೆ ಮಾತ್ರ ಸೇರಿದ್ದಲ್ಲ. ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್‌ನಲ್ಲೂ ಅದರ ಕೆಲಸವಿದೆ. ಹಾಗಾಗಿ ಮಾತ್ರೆ ನುಂಗಿ ಎದ್ದು ಓಡಾಡಿದರೆ, ಮಾತಾಡಿದ್ದು, ಮಾಡಿದ್ದು ಯಾವುದೂ ದಾಖಲಾಗದೆ ಹೋಗಬಹುದು. ನಿದ್ದೆಗಣ್ಣಲ್ಲೇ ನಡೆದು, ಅಡುಗೆ ಮಾಡಿ, ಕಾರು ಓಡಿಸಿದವರೂ ಇದ್ದಾರೆ. ಅದಕ್ಕೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇದರ ಮೇಲೆ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಹೆಂಗಸರ ಮೈಯಿಂದ ಈ ಔಷಧಿ ನಿಧಾನವಾಗಿ ಇಳಿಯುತ್ತದೆ ಅಂತ 2013ರಲ್ಲೇ ನಮಗೆ ಹೇಳುವ ಡೋಸ್ ಅನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತ್ತು. ಬೆಳಗ್ಗೆ ಸ್ಕೂಟರ್ ಹತ್ತುವಾಗ ನನಗಿದ್ದ ಮಂಪರಿಗೆ ಕಾರಣ ಆಗ ಗೊತ್ತಾಯಿತು.

ಮೆಡಿಕಲ್ ಶಾಪ್‌ನವರು ಪ್ರತಿ ಸಲ ಚೀಟಿ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಇದು ಶೆಡ್ಯೂಲ್ ಎಚ್1 ಔಷಧಿ, ಅಂದರೆ ಚೀಟಿ ನೋಡಿ, ಲೆಕ್ಕ ಬರೆದಿಟ್ಟೇ ಮಾರಬೇಕಾದದ್ದು. ಮೊದಲು ಕಿರಿಕಿರಿ ಆಗುತ್ತಿತ್ತು. ಈಗ ಅವರ ಮೇಲೆ ಗೌರವ ಇದೆ.

ಬಿಡುವುದು ಇನ್ನೂ ಕಷ್ಟ. ಮಿದುಳು ಮಾತ್ರೆಗೆ ಒಗ್ಗಿಹೋಗಿರುತ್ತದೆ. ತಟ್ಟನೆ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡಬಹುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದೇನೆ. ಜೊತೆಗೆ ಸಿಬಿಟಿ-ಐ ಎಂಬ ನಿದ್ದೆಯ ಕೌನ್ಸೆಲಿಂಗ್. ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳಬೇಕು, ಎಷ್ಟೇ ಹೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ. ನನ್ನ ಬಜೆಟ್‌ಗೆ ದುಬಾರಿಯೇ, ಮಾತ್ರೆಯಷ್ಟು ಬೇಗ ಫಲವೂ ಇಲ್ಲ. ಆದರೆ ಬೆಳಗ್ಗೆ ಎಲ್ಲ ನೆನಪಿರುತ್ತದೆ.

ಮೊನ್ನೆ ಅತ್ತೆ, "ನಂಗೂ ಒಂದು ಕೊಡಮ್ಮ, ನಿದ್ದೇನೇ ಇಲ್ಲ" ಎಂದರು. ಕೊಡಲಿಲ್ಲ. ವಯಸ್ಸಾದವರು ಇದರ ಮಂಪರಿನಲ್ಲಿ ರಾತ್ರಿ ಬಚ್ಚಲಿಗೆ ಎದ್ದು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಅವರಿಗೆ ಗೊರಕೆ ಬೇರೆ ಜಾಸ್ತಿ, ಅಂಥವರ ಉಸಿರಾಟಕ್ಕೆ ಈ ಮಾತ್ರೆ ತೊಂದರೆ ಕೊಡಬಹುದು. ಈ ವಾರ ಅವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ.