ಅಮೆರಿಕದ ಕೈಗಾರಿಕಾ ನಗರಗಳ ಬಗ್ಗೆ ವಿಜಯಪುರದಲ್ಲಿ ಸಿಗುವ ನೋಟ್ಸ್: ಕೊಳ್ಳಬಹುದು, ತಿದ್ದಿಕೊಂಡು ಓದಬೇಕು

ಎಂ.ಎ. ಇತಿಹಾಸದವರಿಗೂ ಯುಪಿಎಸ್‌ಸಿಗೆ ಇತಿಹಾಸ ಐಚ್ಛಿಕ ತೊಗೊಂಡವರಿಗೂ ವಿಜಯಪುರದ ಜೆರಾಕ್ಸ್ ಅಂಗಡಿಗಳಲ್ಲಿ ಮಾರುವ ಸ್ಪೈರಲ್ ನೋಟ್ಸ್ ಇದು. 72 ಪುಟ, 120 ರೂಪಾಯಿ. ಮೊದಲರ್ಧಕ್ಕೇ ಆ ದುಡ್ಡು ಮುಟ್ಟುತ್ತದೆ. ಷಿಕಾಗೊದ ಜನಸಂಖ್ಯೆ 1880ರಲ್ಲಿ 5 ಲಕ್ಷ, 1890ರಲ್ಲಿ ಸುಮಾರು 11 ಲಕ್ಷ, 1900ರಲ್ಲಿ ಸುಮಾರು 17 ಲಕ್ಷ ಎಂದು ಬರೆದು ಬಿಟ್ಟಿಲ್ಲ. ಅಷ್ಟು ಜನ ಹಿಡಿಸಿದ್ದು ಹೇಗೆ ಎಂಬುದೂ ಇದೆ. ಉಕ್ಕಿನ ಚೌಕಟ್ಟು, ಲಿಫ್ಟು ಊರನ್ನು ಎತ್ತರಕ್ಕೆ ಬೆಳೆಸಿದವು. 1888ರಲ್ಲಿ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಓಡಿಸಿದ ವಿದ್ಯುತ್ ಟ್ರಾಮು ಅಗಲಕ್ಕೆ ಬೆಳೆಸಿತು.

ಎಡವಿದ್ದು ವಸತಿಯ ಭಾಗದಲ್ಲಿ. ಬಾಡಿಗೆ ವಠಾರಗಳಿಗಾಗಿ ನ್ಯೂಯಾರ್ಕ್ ಮಾಡಿದ 1879 ಮತ್ತು 1901ರ ಕಾಯ್ದೆಗಳನ್ನು ‘ಗಾಳಿ ಬೆಳಕಿಗಾಗಿ ತಂದ ಕಾಯ್ದೆಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಮೊದಲನೆಯದು ಸೋತಿದ್ದಕ್ಕೇ ಎರಡನೆಯದು ಬಂತು. ನಿವೇಶನ 25×100 ಅಡಿ. ಮಲಗುವ ಕೋಣೆಗೆ ಹೊರಗಾಳಿಗೆ ತೆರೆಯುವ ಕಿಟಕಿ ಇರಲೇಬೇಕು ಎಂದಿತು 1879ರ ಕಾಯ್ದೆ. ಕಟ್ಟುವವರು ಕಟ್ಟಡದ ನಡುವನ್ನು ಡಂಬೆಲ್ಲಿನಂತೆ ಸಣ್ಣ ಮಾಡಿ, ಪಕ್ಕದ ಕಟ್ಟಡದ ಜೊತೆ ಸೇರಿ ಐದು ಅಡಿಗೂ ಕಡಿಮೆ ಅಗಲದ ಓಣಿ ಬಿಟ್ಟು, ಕಿಟಕಿಯನ್ನು ಅದಕ್ಕೆ ತೆರೆದರು. ಐದಾರು ಅಂತಸ್ತಿನ ಆಳದಲ್ಲಿ ಕೆಳಮನೆಗೆ ಬೆಳಕು ಇಳಿಯಲಿಲ್ಲ, ಮೇಲಿನವರ ಕಸ ಇಳಿಯಿತು. ಬೆಂಕಿ ಬಿದ್ದರೆ ಅದೇ ಓಣಿ ಹೊಗೆಗೊಳವೆ. ಹಾಗಾಗಿ 1901ರಲ್ಲಿ ಹೊಸ ಕಟ್ಟಡಕ್ಕೆ ದೊಡ್ಡ ಅಂಗಳ, ಪ್ರತಿ ಮನೆಯೊಳಗೇ ಶೌಚಾಲಯ ಕಡ್ಡಾಯವಾದವು. ಡಂಬೆಲ್ ಕಟ್ಟಡದ ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆದು ಅಂಟಿಸಿಕೊಳ್ಳಿ. ಹದಿನೈದು ಅಂಕದ ಉತ್ತರಕ್ಕೆ ಇದೇ ಬೆನ್ನೆಲುಬು.

ಷಿಕಾಗೊದ ಚರಂಡಿಯನ್ನೂ ಅರ್ಧಕ್ಕೆ ಬಿಟ್ಟಿದ್ದಾರೆ. ಕುಡಿಯುವ ನೀರು ಬರುತ್ತಿದ್ದ ಮಿಷಿಗನ್ ಸರೋವರಕ್ಕೇ ಷಿಕಾಗೊ ನದಿಯ ಮೂಲಕ ಹೊಲಸು ಸೇರುತ್ತಿತ್ತು. 28 ಮೈಲಿ ಕಾಲುವೆ ತೋಡಿ 1900ರಲ್ಲಿ ನದಿಯ ಹರಿವನ್ನೇ ತಿರುಗಿಸಿದರು. ನೋಟ್ಸಿನಲ್ಲಿ ‘ಸಮಸ್ಯೆ ಬಗೆಹರಿಯಿತು’ ಎಂದಿದೆ. ಹೊಲಸು ಕೆಳಗಿನ ಊರುಗಳ ಕಡೆ ಹರಿಯಿತು. ಇದರ ವಿರುದ್ಧ ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1906ರಲ್ಲಿ ಸೋತಿತು. ನಮ್ಮ ವಿಜಯಪುರವೋ ಬೇಗಂ ತಲಾಬ್ ಕೆರೆಯ ನೀರನ್ನು ಕೊಳವೆಯಲ್ಲಿ ತಂದು, ಗಂಜ್ ಎಂಬ ನೀರಿನ ಗೋಪುರಗಳಲ್ಲಿ ಒತ್ತಡ ತಗ್ಗಿಸಿ ಹಂಚಿದ ಊರು. ಇಲ್ಲಿನ ಮಕ್ಕಳಿಗೆ ಈ ಪಾಠವನ್ನು ಒಂದು ಚಿತ್ರವೂ ಇಲ್ಲದೆ ಕೊಟ್ಟಿದ್ದು ನಿಜಕ್ಕೂ ಬೇಸರದ ಸಂಗತಿ.

ಷಿಕಾಗೊದ ವಲಸಿಗರ ನಡುವೆ ಕೆಲಸ ಮಾಡಿದ ಸೇವಾ ಕೇಂದ್ರ ಹಲ್ ಹೌಸ್, ಅದನ್ನು ಕಟ್ಟಿದ ಜೇನ್ ಆ್ಯಡಮ್ಸ್ ಭಾಗ ಚೆನ್ನಾಗಿದೆ. ಆಡಳಿತ ಸುಧಾರಣೆಯಲ್ಲಿ ಗ್ಯಾಲ್ವೆಸ್ಟನ್ ಹೆಸರಿದೆ, ಅಲ್ಲಿ ಆಯೋಗದ ಆಡಳಿತಕ್ಕೆ ಕಾರಣವಾದ 1900ರ ಚಂಡಮಾರುತವಿಲ್ಲ. ಡೇಟನ್ ಇದೆ, ಆ ಊರಿನ ಆಡಳಿತವನ್ನು ನೇಮಿತ ನಗರ ವ್ಯವಸ್ಥಾಪಕರ ಕೈಗೆ ತಂದ 1913ರ ಪ್ರವಾಹವಿಲ್ಲ. ವಾರ್ಡ್ ಬಿಟ್ಟು ಇಡೀ ಊರಿಗೆ ಒಟ್ಟಾಗಿ ಚುನಾವಣೆ ನಡೆಸಿದಾಗ ವಲಸಿಗರ, ಕಾರ್ಮಿಕರ ಓಣಿಗಳ ದನಿ ಕುಗ್ಗಿತು ಎಂಬ ಮಾತನ್ನು ಅಂಚಿನಲ್ಲಿ ಬರೆದುಕೊಳ್ಳಿ.

ಕೊಳ್ಳುವ ಮುಂಚೆ ಜನಸಂಖ್ಯೆಯ ಕೋಷ್ಟಕ ತೆರೆದು ನೋಡಿ. ಮರುಪ್ರತಿಯ ಮರುಪ್ರತಿಯಾದರೆ 3 ಮತ್ತು 8 ಒಂದೇ ಥರ ಕಾಣುತ್ತವೆ. ಬೇರೆ ಪ್ರತಿ ಕೇಳಿ.